ಊಟದ ನಂತರ ಸಕ್ಕರೆ ಏರುವುದೇಕೆ? ಬೀಟಾ ಕೋಶದಲ್ಲಿ ಕ್ಯಾಲ್ಸಿಯಂ ದಾರಿ ತಪ್ಪುವ ಬಗೆ

ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಅನೇಕರು ಅದರಲ್ಲಿರುವ ಎರಡು ಸಂಖ್ಯೆಗಳ ಅಂತರ ಕಂಡು ಗಲಿಬಿಲಿಗೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ 104 ಇರುತ್ತದೆ. ತಿಂಡಿ ತಿಂದು ಎರಡು ಗಂಟೆ ಕಳೆದ ಮೇಲೆ ಮತ್ತೆ ಚುಚ್ಚಿ ತೆಗೆದ ರಕ್ತದಲ್ಲಿ ಅದೇ ಸಕ್ಕರೆ 216 ಆಗಿರುತ್ತದೆ. ರಾತ್ರಿಯಿಡೀ ಸಕ್ಕರೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಶರೀರ ನಾಲ್ಕು ಇಡ್ಲಿಗೆ ಸೋತದ್ದು ಹೇಗೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ನಿಮಗೆ ಇನ್ಸುಲಿನ್ ಕಡಿಮೆ ಇದೆ’ ಎಂಬುದು. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಟೈಪ್ 2 ಮಧುಮೇಹದ ಮೊದಲ ವರ್ಷಗಳಲ್ಲಿ ಬಹಳಷ್ಟು ಜನರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗಿ, ಚೀಲಗಳಲ್ಲಿ ತುಂಬಿ, ಹೊರಡಲು ಸಿದ್ಧವಾಗಿಯೇ ಇರುತ್ತದೆ. ಸಮಯಕ್ಕೆ ಸರಿಯಾಗಿ ಬರದೇ ಹೋಗುವುದು ‘ಈಗ ಹೊರಡು’ ಎಂಬ ಅಪ್ಪಣೆ. ಆ ಅಪ್ಪಣೆಯನ್ನು ಕೊನೆಯ ಗಳಿಗೆಯಲ್ಲಿ ತಲುಪಿಸುವುದು ಕ್ಯಾಲ್ಸಿಯಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಇಷ್ಟು ಮನೆಗಳಿಗೆ ಸಂಬಂಧಪಟ್ಟ ಈ ಅಪ್ಪಣೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಟೈಪ್ 1 ಮಧುಮೇಹದಲ್ಲಿ ಶರೀರದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಅಲ್ಲಿ ಉಗ್ರಾಣವೇ ಉಳಿದಿರುವುದಿಲ್ಲ. ಈ ಲೇಖನದ ವಿಷಯ ಮುಖ್ಯವಾಗಿ ಟೈಪ್ 2.

ಗ್ರಂಥಿಯೊಳಗಿನ ದ್ವೀಪಗಳು

ಮೇದೋಜೀರಕ ಗ್ರಂಥಿಯು ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ, ಗೇಣಿಗಿಂತ ತುಸು ಗಿಡ್ಡನೆಯ, 100 ಗ್ರಾಂ ಆಸುಪಾಸಿನ ತೂಕದ ಅಂಗ. ಅದರ ಬಹುಭಾಗ ಜೀರ್ಣರಸ ತಯಾರಿಸುತ್ತದೆ. ಆ ಭಾಗದ ನಡುನಡುವೆ ಬೇರೆಯೇ ಬಗೆಯ ಕೋಶಗಳ ಸಣ್ಣ ಸಣ್ಣ ಗುಂಪುಗಳಿವೆ ಎಂಬುದನ್ನು 1869ರಲ್ಲಿ ಬರ್ಲಿನ್ನಿನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ತನ್ನ ಪ್ರಬಂಧದಲ್ಲಿ ವರ್ಣಿಸಿದ. ಅವು ಮಾಡುವ ಕೆಲಸವೇನೆಂದು ಅವನಿಗೆ ತಿಳಿದಿರಲಿಲ್ಲ. ಇಂದು ಅವನ ಹೆಸರಿನಿಂದಲೇ ಕರೆಯಲಾಗುವ ಈ ದ್ವೀಪಗಳು ಸುಮಾರು 10 ಲಕ್ಷದಷ್ಟಿದ್ದರೂ ಎಲ್ಲವೂ ಸೇರಿ ಗ್ರಂಥಿಯ ಶೇಕಡಾ 1ರಿಂದ 2ರಷ್ಟು ಮಾತ್ರ. ಮನುಷ್ಯರಲ್ಲಿ ಈ ದ್ವೀಪಗಳ ಕೋಶಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು.

ಒಂದು ಬೀಟಾ ಕೋಶದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅದರೊಳಗೆ ಸುಮಾರು 10,000 ಸೂಕ್ಷ್ಮ ಚೀಲಗಳಿದ್ದು, ಪ್ರತಿ ಚೀಲದಲ್ಲೂ ಇನ್ಸುಲಿನ್ ಸತುವಿನೊಂದಿಗೆ ಸೇರಿ ಹರಳಾಗಿ ಕುಳಿತಿರುತ್ತದೆ. ವಯಸ್ಕರೊಬ್ಬರ ಇಡೀ ರಕ್ತದಲ್ಲಿ ಸಾಮಾನ್ಯವಾಗಿ ಓಡಾಡುವ ಗ್ಲೂಕೋಸ್ ಒಂದು ಚಮಚೆಯಷ್ಟು, ಅಂದರೆ ಸುಮಾರು 5 ಗ್ರಾಂ ಮಾತ್ರ. ಒಂದು ಊಟದಿಂದ ಅದರ ಹತ್ತಾರು ಪಟ್ಟು ಗ್ಲೂಕೋಸ್ ಒಳಬರುವಾಗಲೂ ರಕ್ತದ ಮಟ್ಟ ಹದ್ದುಮೀರದಂತೆ ನೋಡಿಕೊಳ್ಳಬೇಕಾದರೆ, ಇನ್ಸುಲಿನ್ ಇದ್ದರಷ್ಟೇ ಸಾಲದು, ಅದು ಹೊತ್ತಿಗೆ ಸರಿಯಾಗಿ ಹೊರಬರಬೇಕು.

ಕ್ಯಾಲ್ಸಿಯಂ ಎಂದರೆ ಮೂಳೆಯಷ್ಟೇ ಅಲ್ಲ

1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು, ಅದು ಎಷ್ಟು ಹೊತ್ತು ಬಡಿಯುತ್ತದೆಂದು ನೋಡುತ್ತಿದ್ದ. ಮೊದಲು ಚೆನ್ನಾಗಿಯೇ ಬಡಿಯುತ್ತಿದ್ದ ಹೃದಯ, ಶುದ್ಧೀಕರಿಸಿದ ನೀರಿನಲ್ಲಿ ದ್ರಾವಣ ತಯಾರಿಸಿದಾಗ ನಿಂತುಬಿಡುತ್ತಿತ್ತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಮೊದಲಿನ ದ್ರಾವಣಕ್ಕೆ ಬಳಸಿದ್ದು ಊರಿನ ನಲ್ಲಿ ನೀರು. ಅದರಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯವನ್ನು ನಡೆಸುತ್ತಿತ್ತು. ಮೂಳೆಗೆ ಗಟ್ಟಿತನ ಕೊಡುವ ವಸ್ತು ಜೀವಕೋಶಕ್ಕೆ ಅಪ್ಪಣೆಯನ್ನೂ ಕೊಡಬಲ್ಲದು ಎಂಬ ಅರಿವು ಮೊಳೆತದ್ದು ಹೀಗೆ. 1966ರಲ್ಲಿ ಗ್ರಾಡ್‌ಸ್ಕಿ ಮತ್ತು ಬೆನೆಟ್ ಎಂಬ ಇಬ್ಬರು ಸಂಶೋಧಕರು ಇಲಿಯ ಮೇದೋಜೀರಕದ ಮೂಲಕ ದ್ರಾವಣ ಹರಿಸಿ, ಅದರಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಗ್ಲೂಕೋಸ್ ಕೊಟ್ಟರೂ ಇನ್ಸುಲಿನ್ ಹೊರಬರುವುದಿಲ್ಲವೆಂದು ತೋರಿಸಿದರು.

ಅಪ್ಪಣೆ ಕೊಡುವ ಶಕ್ತಿ ಕ್ಯಾಲ್ಸಿಯಮ್ಮಿಗೆ ಬರುವುದು ಏರುಪೇರಿನಿಂದ. ಕೋಶದ ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಕೋಶದ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಇದನ್ನು ತುಂಬಿದ ಕೆರೆಯೊಂದಿಗೆ ಹೋಲಿಸಬಹುದು. ಏರಿಯ ಒಂದು ಬದಿಯಲ್ಲಿ ನೀರು ತುಂಬಿ ನಿಂತಿದೆ, ಇನ್ನೊಂದು ಬದಿಯ ಗದ್ದೆ ಒಣಗಿದೆ. ತೂಬನ್ನು ಒಂದು ಗಳಿಗೆ ಎತ್ತಿದರೆ ಸಾಕು, ಗದ್ದೆಗೆ ನೀರು ನುಗ್ಗುತ್ತದೆ, ಕೆರೆಯ ಮಟ್ಟ ಮಾತ್ರ ಕದಲಿದಂತೆಯೂ ಕಾಣುವುದಿಲ್ಲ. ಬೀಟಾ ಕೋಶದ ಪೊರೆಯೇ ಏರಿ, ಅದರಲ್ಲಿರುವ ಕ್ಯಾಲ್ಸಿಯಂ ದ್ವಾರಗಳೇ ತೂಬುಗಳು. ಒಳನುಗ್ಗಿದ ಕ್ಯಾಲ್ಸಿಯಮ್ಮನ್ನು ಮತ್ತೆ ಹೊರಗೆತ್ತಿ ಹಾಕುವ ಪಂಪುಗಳೂ ಪೊರೆಯಲ್ಲಿವೆ, ಅವು ಸದಾ ಕೆಲಸ ಮಾಡುತ್ತಿರುತ್ತವೆ. ಗದ್ದೆ ಒಣಗಿದ್ದರೆ ತಾನೇ ನೀರು ಬಂದದ್ದು ಗೊತ್ತಾಗುವುದು.

ಇಲ್ಲಿ ಒಂದು ಸಂದೇಹಕ್ಕೆ ಉತ್ತರ ಹೇಳಿಬಿಡಬೇಕು. ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ, ಇನ್ನೆರಡು ಲೋಟ ಹಾಲು ಕುಡಿದರೆ ಇನ್ಸುಲಿನ್ ಹೆಚ್ಚೀತೇ? ಇಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನು ಶರೀರ ಬಹಳ ಬಿಗಿಯಾಗಿ ಒಂದೇ ಅಳತೆಯಲ್ಲಿ ಇಟ್ಟಿರುತ್ತದೆ. ಮಧುಮೇಹದಲ್ಲಿ ಕೆರೆಯ ನೀರಿಗೆ ಕೊರತೆಯಿಲ್ಲ, ತೂಬು ಎತ್ತುವ ವ್ಯವಸ್ಥೆಯಲ್ಲಿ ದೋಷವಿದೆ.

ಸಕ್ಕರೆ ಬಂದದ್ದು ಕೋಶಕ್ಕೆ ತಿಳಿಯುವುದು ಹೇಗೆ?

ಬೀಟಾ ಕೋಶಕ್ಕೆ ನಾಲಗೆಯಿಲ್ಲ. ಅದು ಸಕ್ಕರೆಯ ರುಚಿ ನೋಡುವುದು ಸಕ್ಕರೆಯನ್ನು ಉರಿಸಿ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅದು ಕೋಶದೊಳಗೂ ಸಲೀಸಾಗಿ ಇಳಿಯುತ್ತದೆ. ಒಳಗೆ ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದುಕೊಳ್ಳುತ್ತದೆ. ಈ ಕಿಣ್ವದ ವಿಶೇಷವೆಂದರೆ, ಖಾಲಿ ಹೊಟ್ಟೆಯ ಸಕ್ಕರೆ ಮಟ್ಟದಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಊಟದ ನಂತರದ ಮಟ್ಟ ಬಂದಂತೆ ಚುರುಕಾಗುತ್ತದೆ. ಹೀಗಾಗಿ ಕೋಶದೊಳಗೆ ಎಷ್ಟು ಗ್ಲೂಕೋಸ್ ಉರಿಯುತ್ತದೆ ಎಂಬುದು ರಕ್ತದಲ್ಲಿ ಎಷ್ಟು ಗ್ಲೂಕೋಸ್ ಇದೆ ಎಂಬುದರ ನಕಲಾಗಿರುತ್ತದೆ. ಹಿಡಿದ ಗ್ಲೂಕೋಸ್ ಒಡೆದು, ಕೋಶದ ಒಲೆಗಳಾದ ಮೈಟೊಕಾಂಡ್ರಿಯಾಗಳಲ್ಲಿ ಉರಿದು, ಎಟಿಪಿ ಎಂಬ ಶಕ್ತಿಯ ಅಣುಗಳನ್ನು ಕೊಡುತ್ತದೆ. ಎಟಿಪಿ ಹೆಚ್ಚಿದೆ ಎಂದರೆ ಊಟ ಬಂದಿದೆ ಎಂದು ಅರ್ಥ.

ಆದರೆ ಎಟಿಪಿ ನೇರವಾಗಿ ಕ್ಯಾಲ್ಸಿಯಂ ತೂಬನ್ನು ಎತ್ತುವುದಿಲ್ಲ. ನಡುವೆ ಪೊಟ್ಯಾಸಿಯಮ್ಮಿನ ಇನ್ನೊಂದು ದ್ವಾರವಿದೆ. ಇಡೀ ವ್ಯವಸ್ಥೆಯ ಕೀಲಿ ಇರುವುದು ಇಲ್ಲಿಯೇ. ಬೀಟಾ ಕೋಶ ಸುಮ್ಮನಿರುವಾಗ ಈ ದ್ವಾರದ ಮೂಲಕ ಧನಾವೇಶದ ಪೊಟ್ಯಾಸಿಯಂ ಅಯಾನುಗಳು ಹೊರಗೆ ಸೋರುತ್ತಿರುತ್ತವೆ. ಅದರಿಂದ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಎಟಿಪಿ ಬಂದು ಈ ದ್ವಾರಕ್ಕೆ ಅಂಟಿಕೊಂಡರೆ ದ್ವಾರ ಮುಚ್ಚುತ್ತದೆ. ಸೋರಿಕೆ ನಿಂತಾಗ ಧನಾವೇಶ ಒಳಗೇ ಉಳಿದು ವಿದ್ಯುತ್ ಮಟ್ಟ ಮೇಲೇರುತ್ತದೆ. ಕ್ಯಾಲ್ಸಿಯಂ ತೂಬುಗಳು ವಿದ್ಯುತ್ತಿನ ಏರಿಕೆಗೆ ತೆರೆದುಕೊಳ್ಳುವಂಥವು. ಮಟ್ಟ ಒಂದು ಗೆರೆ ದಾಟಿದ ಕೂಡಲೇ ಅವು ತೆರೆಯುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಬೀಟಾ ಕೋಶದಲ್ಲಿ ಈ ಪೊಟ್ಯಾಸಿಯಂ ದ್ವಾರ ಇದೆಯೆಂದೂ, ಗ್ಲೂಕೋಸ್ ಅದನ್ನು ಮುಚ್ಚುತ್ತದೆಂದೂ 1984ರಲ್ಲಿ ತಿಳಿದುಬಂತು. ಗ್ಲೂಕೋಸ್ ಮುಚ್ಚಿಸುವುದನ್ನು ತೋರಿಸಿದವರಲ್ಲಿ ಆಕ್ಸ್‌ಫರ್ಡಿನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಪ್ರಮುಖರು.

ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವ ಈ ಏರ್ಪಾಟು ಮೊದಲ ಓದಿಗೆ ತಿರುಗುಮುರುಗಾಗಿ ಕಾಣಬಹುದು. ನೀರಗಂಟಿಯೊಬ್ಬ ಕೋಡಿಯ ಸೋರಿಕೆಯನ್ನು ಕಟ್ಟಿದ ಮೇಲಷ್ಟೇ ತೂಬಿಗೆ ಕೈಹಾಕುತ್ತಾನೆಂದು ಊಹಿಸಿಕೊಂಡರೆ ಕ್ರಮ ನೆನಪಿನಲ್ಲಿ ಉಳಿಯುತ್ತದೆ.

ಚೀಲ ಬಾಯ್ದೆರೆಯುವ ಗಳಿಗೆ

ಕ್ಯಾಲ್ಸಿಯಂ ಒಳಬಂದ ನಂತರದ ಕೆಲಸ ಕ್ಷಣಮಾತ್ರದ್ದು. ಇನ್ಸುಲಿನ್ ಚೀಲದ ಮೇಲೂ ಕೋಶಪೊರೆಯ ಒಳಮೈ ಮೇಲೂ ಎಳೆಎಳೆಯಾದ ಪ್ರೋಟೀನುಗಳಿವೆ. ಇವು ಜಿಪ್ಪಿನ ಎರಡು ಸಾಲು ಹಲ್ಲುಗಳಂತೆ ಒಂದರೊಳಗೊಂದು ಹೆಣೆದುಕೊಂಡು ಚೀಲವನ್ನು ಪೊರೆಗೆ ಎಳೆಯುತ್ತವೆ. ಜಿಪ್ಪು ಅರ್ಧ ಏರಿ ನಿಂತಿರುತ್ತದೆ. ಪಕ್ಕದಲ್ಲಿರುವ ಸಿನಾಪ್ಟೋಟ್ಯಾಗ್ಮಿನ್ ಎಂಬ ಪ್ರೋಟೀನಿಗೆ ಕ್ಯಾಲ್ಸಿಯಂ ಅಂಟಿದಾಗ ಉಳಿದರ್ಧವೂ ಏರಿ, ಚೀಲ ಮತ್ತು ಪೊರೆ ಒಂದಾಗಿ, ಇನ್ಸುಲಿನ್ ರಕ್ತಕ್ಕೆ ಸುರಿಯುತ್ತದೆ.

10,000 ಚೀಲಗಳೂ ಹೀಗೆ ಪೊರೆಯ ಬಳಿ ತುದಿಗಾಲಲ್ಲಿ ನಿಂತಿರುವುದಿಲ್ಲ. ತಕ್ಷಣ ಹೊರಡಬಲ್ಲವು ನೂರರ ಆಸುಪಾಸು ಮಾತ್ರ. ಮದುವೆ ಮನೆಯಲ್ಲಿ ಪಂಕ್ತಿ ಕುಳಿತ ಕೂಡಲೇ ಬಡಿಸಲು ಬಕೆಟ್ಟುಗಳಲ್ಲಿ ತುಂಬಿಟ್ಟ ಅಡುಗೆಯಂತೆ ಇವು. ಉಳಿದದ್ದು ಇನ್ನೂ ಅಡುಗೆಮನೆಯ ಕೊಪ್ಪರಿಗೆಯಲ್ಲಿರುತ್ತದೆ. ಅದಕ್ಕೇ ಆರೋಗ್ಯವಂತರಲ್ಲಿ ಇನ್ಸುಲಿನ್ ಎರಡು ಹಂತಗಳಲ್ಲಿ ಹೊರಬರುತ್ತದೆ. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟು ಅಳೆದರೆ, ಮೊದಲ ಹತ್ತು ನಿಮಿಷದೊಳಗೆ ಒಂದು ಚೂಪಾದ ಏರಿಕೆ, ಆಮೇಲೆ ನಿಧಾನವಾಗಿ ಬಹಳ ಹೊತ್ತು ನಡೆಯುವ ಎರಡನೇ ಹಂತ ಕಾಣಿಸುತ್ತವೆ.

ಮೊದಲ ಹಂತದ ಇನ್ಸುಲಿನ್ ಪ್ರಮಾಣದಲ್ಲಿ ಸ್ವಲ್ಪ, ಆದರೆ ಅದರ ಕೆಲಸ ದೊಡ್ಡದು. ಅದು ಮೇದೋಜೀರಕದಿಂದ ನೇರವಾಗಿ ಯಕೃತ್ತಿಗೆ ಹೋಗಿ, ‘ಊಟ ಬರುತ್ತಿದೆ, ನೀನು ಗ್ಲೂಕೋಸ್ ಬಿಡುವುದನ್ನು ನಿಲ್ಲಿಸು’ ಎಂದು ಹೇಳುತ್ತದೆ. ರಾತ್ರಿಯಿಡೀ ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತಿದ್ದ ಯಕೃತ್ತಿಗೆ ಈ ಮಾತು ತಲುಪದಿದ್ದರೆ, ಹೊಟ್ಟೆಯಿಂದ ಬರುವ ಸಕ್ಕರೆಯ ಜೊತೆಗೆ ಯಕೃತ್ತಿನ ಸಕ್ಕರೆಯೂ ಸೇರಿಕೊಳ್ಳುತ್ತದೆ. ಟೈಪ್ 2 ಮಧುಮೇಹದಲ್ಲಿ ಬಹಳ ಬೇಗ, ಹಲವರಲ್ಲಿ ರೋಗ ಪತ್ತೆಯಾಗುವ ಮೊದಲೇ, ಕುಂದುವುದು ಈ ಮೊದಲ ಹಂತವೇ. 104ಕ್ಕೂ 216ಕ್ಕೂ ನಡುವಿನ ಅಂತರದ ದೊಡ್ಡ ಪಾಲು ಇಲ್ಲಿ ಹುಟ್ಟುತ್ತದೆ.

ಎಲ್ಲಿ ತಪ್ಪುತ್ತದೆ?

ತಪ್ಪು ಒಂದೇ ಕಡೆ ಇದ್ದಿದ್ದರೆ ವೈದ್ಯರ ಕೆಲಸ ಸುಲಭವಾಗುತ್ತಿತ್ತು. ಮಧುಮೇಹಿ ದಾನಿಗಳ ದ್ವೀಪಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸರಪಳಿಯ ಅನೇಕ ಕೊಂಡಿಗಳು ಒಟ್ಟೊಟ್ಟಿಗೆ ಸಡಿಲಗೊಂಡಿರುವುದು ಕಾಣುತ್ತದೆ.

ಮೊದಲನೆಯದು ಒಲೆ. ವರ್ಷಗಟ್ಟಲೆ ಹೆಚ್ಚಿನ ಸಕ್ಕರೆ ಮತ್ತು ಕೊಬ್ಬಿನಾಮ್ಲಗಳಲ್ಲಿ ಮುಳುಗಿದ ಬೀಟಾ ಕೋಶದ ಮೈಟೊಕಾಂಡ್ರಿಯಾಗಳು ಗ್ಲೂಕೋಸ್ ಸಿಕ್ಕರೂ ಮೊದಲಿನಷ್ಟು ಎಟಿಪಿ ಕೊಡುವುದಿಲ್ಲ. ಎಟಿಪಿ ಸಾಲದಿದ್ದರೆ ಪೊಟ್ಯಾಸಿಯಂ ದ್ವಾರ ಪೂರ್ತಿ ಮುಚ್ಚುವುದಿಲ್ಲ, ವಿದ್ಯುತ್ ಮಟ್ಟ ಗೆರೆ ದಾಟುವುದು ತಡವಾಗುತ್ತದೆ, ಕ್ಯಾಲ್ಸಿಯಂ ಏರಿಕೆ ತಗ್ಗುತ್ತದೆ. ಇದೇ ದ್ವಾರದ ವಂಶವಾಹಿಯಲ್ಲಿ ಅನೇಕ ಜನರಲ್ಲಿ ಕಾಣುವ ಒಂದು ಸಾಮಾನ್ಯ ವ್ಯತ್ಯಾಸ ಮಧುಮೇಹದ ಅಪಾಯವನ್ನು ತುಸು ಹೆಚ್ಚಿಸುತ್ತದೆಂದೂ ಗೊತ್ತಾಗಿದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವಂಥದ್ದು, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ ಒಳಬಂದರೂ ಪ್ರಯೋಜನವಾಗುವುದಿಲ್ಲ. ತೂಬಿನ ಬಾಯಲ್ಲಿ ಕ್ಯಾಲ್ಸಿಯಂ ಸಾಂದ್ರತೆ ಬಹಳ ಹೆಚ್ಚಿರುತ್ತದೆ, ಆದರೆ ಅಲ್ಲಿಂದ ಕೂದಲಿನ ದಪ್ಪದ ನೂರನೇ ಒಂದು ಪಾಲಿನಷ್ಟು ದೂರ ಹೋಗುವುದರೊಳಗೆ ಅದು ಹರಡಿ ತೆಳುವಾಗುತ್ತದೆ. ಆದ್ದರಿಂದ ಆರೋಗ್ಯವಂತ ಕೋಶದಲ್ಲಿ ತೂಬುಗಳು ಹೊರಡಲು ಸಿದ್ಧವಾದ ಚೀಲಗಳ ಮಗ್ಗುಲಲ್ಲೇ ಗುಂಪುಗೂಡಿರುತ್ತವೆ. ಟೈಪ್ 2 ಮಧುಮೇಹಿಗಳ ಬೀಟಾ ಕೋಶಗಳಲ್ಲಿ ಈ ನೆರೆಹೊರೆ ಚದುರಿಹೋಗಿರುವುದು ಕಂಡುಬಂದಿದೆ. ತೂಬು ತೆರೆಯುತ್ತದೆ, ನೀರು ಹರಿಯುತ್ತದೆ, ಆದರೆ ಪೈರಿಲ್ಲದ ಬೀಳಿಗೆ. ಕೋಶದ ಒಟ್ಟು ಕ್ಯಾಲ್ಸಿಯಮ್ಮನ್ನು ಮಾತ್ರ ಅಳೆದರೆ ಈ ದೋಷ ಕಣ್ಣಿಗೇ ಬೀಳದು.

ಇನ್ನು ತಾಳ. ಇನ್ಸುಲಿನ್ ಒಂದೇ ಸಮನೆ ಸುರಿಯದೆ ಸುಮಾರು ಐದು ನಿಮಿಷಕ್ಕೊಮ್ಮೆ ಅಲೆ ಅಲೆಯಾಗಿ ಬರುತ್ತದೆ, ಆ ಅಲೆಗಳ ಹಿಂದೆ ಕ್ಯಾಲ್ಸಿಯಮ್ಮಿನ ಏರಿಳಿತವಿದೆ. ದ್ವೀಪದೊಳಗಿನ ಬೀಟಾ ಕೋಶಗಳು ಪಕ್ಕದ ಕೋಶಗಳೊಂದಿಗೆ ಸೂಕ್ಷ್ಮ ಕೊಳವೆಗಳ ಮೂಲಕ ವಿದ್ಯುತ್ ಹಂಚಿಕೊಂಡು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಕೂಗಿಗೆ ಎಳೆದರೆ ತೇರು ಕದಲುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಬೆವರು ಅಷ್ಟೇ ಸುರಿದರೂ ಗಾಲಿ ಉರುಳುವುದಿಲ್ಲ. ಮಧುಮೇಹದಲ್ಲಿ ಈ ಒಗ್ಗಟ್ಟು ಒಡೆಯುತ್ತದೆ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೈಪ್ 2 ಮಧುಮೇಹಿಗಳ ಹತ್ತಿರದ ರಕ್ತಸಂಬಂಧಿಗಳಲ್ಲೂ, ಅವರಿಗೆ ಇನ್ನೂ ಮಧುಮೇಹ ಬರುವ ಮೊದಲೇ, ಇನ್ಸುಲಿನ್ ಅಲೆಗಳು ಕ್ರಮ ತಪ್ಪಿದ್ದವು.

ಕೊನೆಯದು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನು. ಅಂತರ್ಜೀವರಸ ಜಾಲ ಎಂಬ ಒಳಕೋಣೆಗಳಲ್ಲಿ ಕ್ಯಾಲ್ಸಿಯಂ ದಟ್ಟವಾಗಿ ಸಂಗ್ರಹವಾಗಿರುತ್ತದೆ. ಇನ್ಸುಲಿನ್ನಿನ ಮೂಲರೂಪದ ಪ್ರೋಟೀನು ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದೂ ಇದೇ ಕೋಣೆಗಳಲ್ಲಿ. ಮಡಚುವ ಕೆಲಸಕ್ಕೆ ಅಲ್ಲಿನ ಕ್ಯಾಲ್ಸಿಯಂ ಬೇಕೇಬೇಕು. ಅದನ್ನು ಒಳಗೆ ತುಂಬುವ ಪಂಪುಗಳು ಮಧುಮೇಹದಲ್ಲಿ ಕಡಿಮೆಯಾಗುತ್ತವೆ, ದಾಸ್ತಾನು ಬರಿದಾಗುತ್ತದೆ, ತಪ್ಪಾಗಿ ಮಡಚಿದ ಪ್ರೋಟೀನು ರಾಶಿ ಬೀಳುತ್ತದೆ. ಆಗ ಕೋಶ ಮೊದಲು ತಯಾರಿಕೆಯನ್ನೇ ತಗ್ಗಿಸುತ್ತದೆ. ಒತ್ತಡ ಮುಂದುವರಿದರೆ ಸಾಯುತ್ತದೆ. ‘ಇನ್ಸುಲಿನ್ ಇದೆ, ಅಪ್ಪಣೆ ಇಲ್ಲ’ ಎಂದು ಆರಂಭವಾದ ಕಾಯಿಲೆ ಕಾಲಕ್ರಮದಲ್ಲಿ ‘ಇನ್ಸುಲಿನ್ನೂ ಇಲ್ಲ’ ಎಂಬಲ್ಲಿಗೆ ತಲುಪುವ ದಾರಿಗಳಲ್ಲಿ ಇದೂ ಒಂದು.

ಹಿಂದಿರುಗುವ ದಾರಿ ಇದೆಯೇ? ರೋಗ ಹೊಸದಾಗಿರುವಾಗ ಹಲವರಲ್ಲಿ ಇದೆ. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಪ್ರಯೋಗದಲ್ಲಿ, ರೋಗ ಪತ್ತೆಯಾಗಿ ಆರು ವರ್ಷ ಮೀರದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಗಳ ಆಹಾರ ಕೊಟ್ಟು ತೂಕ ಇಳಿಸಿದಾಗ, ಒಂದು ವರ್ಷದ ನಂತರ ಶೇಕಡಾ 46ರಷ್ಟು ಜನ ಮಾತ್ರೆಗಳಿಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗೆ ಉಳಿದರು. ಅವರಲ್ಲಿ ಮೊದಲ ಹಂತದ ಇನ್ಸುಲಿನ್ ಮರಳಿ ಕಾಣಿಸಿಕೊಂಡಿತು. ಸತ್ತ ಕೋಶ ಹೀಗೆ ಏಳುವುದಿಲ್ಲ. ಸುಸ್ತಾದ ಕೋಶ ಏಳುತ್ತದೆ. ಇಂಥ ಆಹಾರಕ್ರಮವನ್ನು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರ ಕಣ್ಗಾವಲಿಲ್ಲದೆ ಮಾಡುವುದು ಅಪಾಯ.

ಮಾತ್ರೆಗಳು ಕೈಯಿಡುವುದೆಲ್ಲಿ?

1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ವಿಷಮಶೀತ ಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟಾಗ ಅವರ ಸಕ್ಕರೆ ಅಪಾಯಕರವಾಗಿ ಕುಸಿಯಿತು. ಆ ಅವಘಡದಿಂದ ಬೆಳೆದದ್ದೇ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆಗಳು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ದಿನವೂ ಮಾರಾಟವಾಗುವ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್‌ಗಳು ಇದೇ ಗುಂಪಿನವು. ಎಟಿಪಿ ಮಾಡಬೇಕಾದ ಕೆಲಸವನ್ನು ಇವು ತಾವೇ ಮಾಡುತ್ತವೆ: ಪೊಟ್ಯಾಸಿಯಂ ದ್ವಾರಕ್ಕೆ ಅಂಟಿಕೊಂಡು ಅದನ್ನು ಮುಚ್ಚುತ್ತವೆ. ಮುಂದಿನದೆಲ್ಲ ಯಥಾಪ್ರಕಾರ.

ಇವುಗಳ ಗುಣವೂ ದೋಷವೂ ಇದರಲ್ಲೇ ಅಡಗಿವೆ. ರಕ್ತದಲ್ಲಿ ಸಕ್ಕರೆ ಇದೆಯೋ ಇಲ್ಲವೋ ಎಂದು ಮಾತ್ರೆ ವಿಚಾರಿಸುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ, ಏಕಾದಶಿಯೆಂದೋ ಬಸ್ಸಿಗೆ ತಡವಾಯಿತೆಂದೋ ತಿಂಡಿ ಬಿಟ್ಟವರಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಕೈ ನಡುಗಿ, ಮೈ ಬೆವತು, ಕಣ್ಣು ಕತ್ತಲೆಗಟ್ಟುವುದು ಇದರಿಂದಲೇ. ಇತ್ತೀಚೆಗೆ ಹೆಸರಾಗಿರುವ ಜಿಎಲ್‌ಪಿ-1 ಗುಂಪಿನ ಔಷಧಗಳ ದಾರಿ ಬೇರೆ. ಅವು ತೂಬನ್ನು ತಾವಾಗಿ ಎತ್ತುವುದಿಲ್ಲ, ಗ್ಲೂಕೋಸಿನಿಂದ ಒಳಬಂದ ಕ್ಯಾಲ್ಸಿಯಮ್ಮಿನ ಮಾತಿಗೆ ಚೀಲಗಳು ಹೆಚ್ಚು ಓಗೊಡುವಂತೆ ಮಾಡುತ್ತವೆ. ಸಕ್ಕರೆ ಕಡಿಮೆಯಿದ್ದಾಗ ಹಿಗ್ಗಿಸಲು ಮಾತೇ ಇರುವುದಿಲ್ಲವಾದ್ದರಿಂದ, ಅವನ್ನಷ್ಟೇ ತೆಗೆದುಕೊಂಡಾಗ ಸಕ್ಕರೆ ಕುಸಿಯುವುದು ವಿರಳ. ಮೆಟ್‌ಫಾರ್ಮಿನ್ ಈ ಚಿತ್ರದಲ್ಲಿಲ್ಲ; ಅದರ ಮುಖ್ಯ ಕೆಲಸ ಯಕೃತ್ತಿನಲ್ಲಿ.

ರಕ್ತದೊತ್ತಡಕ್ಕೆ ಆಮ್ಲೋಡಿಪಿನ್‌ನಂಥ ‘ಕ್ಯಾಲ್ಸಿಯಂ ದ್ವಾರ ತಡೆಯುವ’ ಮಾತ್ರೆ ನುಂಗುವವರಿಗೆ ಇಷ್ಟು ಓದಿದ ಮೇಲೆ ಅಳುಕು ಹುಟ್ಟಬಹುದು. ವೈದ್ಯರು ಬರೆಯುವ ಸಾಮಾನ್ಯ ಪ್ರಮಾಣದಲ್ಲಿ ಇವು ಸಕ್ಕರೆಯನ್ನು ಹೇಳಿಕೊಳ್ಳುವಷ್ಟು ಏರಿಸುವುದಿಲ್ಲ. ಆದರೆ ಯಾರಾದರೂ ಈ ಗುಂಪಿನ ಮಾತ್ರೆಗಳನ್ನು ಅತಿಯಾಗಿ ನುಂಗಿ ತುರ್ತು ಚಿಕಿತ್ಸೆಗೆ ಬಂದಾಗ, ಇಳಿದ ರಕ್ತದೊತ್ತಡದ ಜೊತೆಗೆ ಏರಿದ ಸಕ್ಕರೆಯೂ ಕಾಣಿಸುತ್ತದೆ. ಬೀಟಾ ಕೋಶದ ತೂಬುಗಳೂ ಮುಚ್ಚಿಹೋಗಿರುತ್ತವೆ.

ಹಸುಗೂಸುಗಳು ಕೊಟ್ಟ ಸಾಕ್ಷಿ

ಈ ಸರಪಳಿ ಪ್ರಯೋಗಾಲಯದ ಊಹೆಯಲ್ಲ ಎಂಬುದಕ್ಕೆ ಅತ್ಯಂತ ಸ್ಪಷ್ಟ ಪುರಾವೆ ಸಿಕ್ಕಿದ್ದು ಹುಟ್ಟಿದ ಕೆಲವೇ ವಾರಗಳಲ್ಲಿ ಮಧುಮೇಹ ಬರುವ ಅಪರೂಪದ ಶಿಶುಗಳಿಂದ. ಇಂಥ ಮಕ್ಕಳಲ್ಲಿ ಹಲವರಿಗೆ ಪೊಟ್ಯಾಸಿಯಂ ದ್ವಾರದ ವಂಶವಾಹಿಯಲ್ಲೇ ದೋಷವಿರುತ್ತದೆ ಎಂದು 2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಆ್ಯಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಸಂಗಡಿಗರು ಕಂಡುಕೊಂಡರು. ಆ ದ್ವಾರ ಎಟಿಪಿಯ ಮಾತು ಕೇಳದೆ ತೆರೆದೇ ಇರುತ್ತದೆ. ಸೋರಿಕೆ ನಿಲ್ಲುವುದಿಲ್ಲ, ತೂಬು ತೆರೆಯುವುದಿಲ್ಲ, ತುಂಬಿದ ಚೀಲಗಳು ಇದ್ದಲ್ಲೇ ಇರುತ್ತವೆ. ಅಲ್ಲಿಯವರೆಗೆ ಇವರಲ್ಲಿ ಅನೇಕರನ್ನು ಟೈಪ್ 1 ಎಂದೇ ತಿಳಿದು ವರ್ಷಗಟ್ಟಲೆ ಇನ್ಸುಲಿನ್ ಚುಚ್ಚುಮದ್ದು ಕೊಡಲಾಗುತ್ತಿತ್ತು.

ದ್ವಾರ ಮುಚ್ಚದಿರುವುದೇ ತೊಂದರೆಯಾದರೆ, ಅದನ್ನು ಮುಚ್ಚುವ ಹಳೆಯ ಮಾತ್ರೆ ಇದ್ದೇ ಇದೆಯಲ್ಲ? 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 49 ಜನರಿಗೆ ಸಲ್ಫೋನಿಲ್‌ಯೂರಿಯಾ ಕೊಟ್ಟಾಗ 44 ಮಂದಿ ಚುಚ್ಚುಮದ್ದನ್ನು ಪೂರ್ತಿಯಾಗಿ ನಿಲ್ಲಿಸಿದರು, ಅವರ ಸಕ್ಕರೆ ಚುಚ್ಚುಮದ್ದಿನ ಕಾಲದಲ್ಲಿದ್ದುದಕ್ಕಿಂತ ಉತ್ತಮವಾಗಿ ಹಿಡಿತಕ್ಕೆ ಬಂತು. ಅಂದಿನಿಂದ, ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಪತ್ತೆಯಾದ ಯಾವುದೇ ಮಗುವಿಗೆ, ಮತ್ತು ಅಷ್ಟು ಎಳೆಯ ವಯಸ್ಸಿನಲ್ಲಿ ಪತ್ತೆಯಾಗಿ ಈಗ ದೊಡ್ಡವರಾಗಿರುವವರಿಗೂ, ವಂಶವಾಹಿ ಪರೀಕ್ಷೆ ಮಾಡಿಸಬೇಕೆಂಬುದು ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಗಳ ಸಲಹೆಯಾಗಿದೆ.